ಕೇಂಬ್ರಿಜ್‌ನ ನಲ್ಲಿಗೂ ಕ್ಯಾಮ್ ನದಿಗೂ ಒಂದೇ ಒರತೆ

ಕೇಂಬ್ರಿಜ್‌ನ ಟ್ರಂಪಿಂಗ್ಟನ್ ಸ್ಟ್ರೀಟಿನ ಎರಡೂ ಮಗ್ಗುಲಿಗೆ, ಫುಟ್‌ಪಾತಿಗೂ ರಸ್ತೆಗೂ ನಡುವೆ, ಕಲ್ಲು ಕಟ್ಟಿದ ಪುಟ್ಟ ಕಾಲುವೆಗಳಿವೆ. ಪೆಂಬ್ರೋಕ್ ಕಾಲೇಜಿನ ಬದಿಯದನ್ನು ಊರಿನವರು ‘ಪೆಮ್’ ಅನ್ನುತ್ತಾರೆ, ಪೀಟರ್‌ಹೌಸ್ ಬದಿಯದನ್ನು ‘ಪಾಟ್’. ನೀರು ಬಿಟ್ಟ ತಿಂಗಳುಗಳಲ್ಲಿ ಅಲ್ಲಿ ತಿಳಿಯಾಗಿ ಹರಿಯುವುದು ಒರತೆಯ ನೀರು. ಊರಿನ ದಕ್ಷಿಣಕ್ಕೆ ನಾಲ್ಕೈದು ಕಿಲೋಮೀಟರ್ ದೂರದ ನೈನ್ ವೆಲ್ಸ್ ಎಂಬಲ್ಲಿ ಸೀಮೆಸುಣ್ಣದ ಬಂಡೆಯ ಬಿರುಕುಗಳಿಂದ ಉಕ್ಕಿ, 1610ರಿಂದ 1614ರ ನಡುವೆ ತೋಡಿದ ಕಾಲುವೆಯಲ್ಲಿ ಅದು ಊರು ಸೇರುತ್ತದೆ. ಕಾಲುವೆಗೆ ಹಾಬ್ಸನ್ಸ್ ಕಾಂಡ್ಯೂಟ್ ಎಂದು ಹೆಸರು. ಅದಕ್ಕೆ ನೆರವಾದವರಲ್ಲಿ ಒಬ್ಬನಾದ ಥಾಮಸ್ ಹಾಬ್ಸನ್ ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದವನು; ಲಾಯದ ಬಾಗಿಲಿಗೆ ಹತ್ತಿರ ನಿಂತ ಕುದುರೆಯನ್ನೇ ಒಯ್ಯಬೇಕು, ಬೇಡವಾದರೆ ಬರಿಗೈಲಿ ಹೋಗಬೇಕು ಎಂಬ ಅವನ ಕಟ್ಟಳೆಯಿಂದಲೇ ‘ಹಾಬ್ಸನ್ಸ್ ಚಾಯ್ಸ್’ ಎಂಬ ಮಾತು ಹುಟ್ಟಿತು. ಕಿಂಗ್ಸ್ ಡಿಚ್ ಎಂಬ ಗಬ್ಬು ನಾರುವ ಹಳೆಯ ಕಂದಕವನ್ನು ತೊಳೆಯುವುದು ಈ ನೀರಿನ ಮೊದಲ ಕೆಲಸವಾಗಿತ್ತು. ಮಾರುಕಟ್ಟೆ ಚೌಕದ ಕಾರಂಜಿಗೂ ಇದೇ ನೀರು ಬಂತು, ಜನ ಅಲ್ಲಿಂದ ಬಿಂದಿಗೆ ತುಂಬಿಸಿಕೊಂಡು ಹೋದರು.

ಈಗ ಆ ಕಾಲುವೆ ಕುಡಿಯುವ ನೀರಿನದಲ್ಲ. ಆದರೆ ನೀರಿನ ಮೂಲ ಬದಲಾಗಿಲ್ಲ. 1853ರಲ್ಲಿ ಹುಟ್ಟಿದ ನೀರಿನ ಕಂಪನಿ ಮೊದಲು ಚೆರಿ ಹಿಂಟನ್‌ನ ಒರತೆಯಿಂದ ನೀರೆತ್ತಿತು. ಇಂದು ಕೇಂಬ್ರಿಜ್ ವಾಟರ್ ಸುತ್ತಲಿನ ಬೋರ್‌ವೆಲ್‌ಗಳಿಂದ ದಿನಕ್ಕೆ ಸುಮಾರು 8 ಕೋಟಿ ಲೀಟರ್ ಎತ್ತಿ ಮೂರೂವರೆ ಲಕ್ಷದಷ್ಟು ಜನರಿಗೆ ಕೊಡುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅಷ್ಟೂ ನೀರು ಇದೇ ಸೀಮೆಸುಣ್ಣದ ಪದರದ್ದು. ಕ್ಯಾಮ್ ನದಿಯನ್ನು ತುಂಬಿಸುವ ರೀ, ಗ್ರಾಂಟಾ, ಮೆಲ್, ಶೆಪ್, ಚೆರಿ ಹಿಂಟನ್ ಬ್ರೂಕ್, ಹಾಬ್ಸನ್ಸ್ ಬ್ರೂಕ್ ಹುಟ್ಟುವುದೂ ಅದೇ ಪದರದಿಂದ. 2023ರಲ್ಲಿ ಇಂಗ್ಲೆಂಡಿನ ಪರಿಸರ ಏಜೆನ್ಸಿ ಈ ಸೀಮೆಯ ಸುಮಾರು 9,000 ಮನೆಗಳ ಯೋಜನೆಗಳಿಗೆ ನೀರಿನ ಕಾರಣವೊಡ್ಡಿ ಆಕ್ಷೇಪ ಎತ್ತಿದಾಗ ದೇಶವೆಲ್ಲ ಹುಬ್ಬೇರಿಸಿತು. ಹಣವಿದೆ, ಜಾಗವಿದೆ, ಬೇಡಿಕೆಯಿದೆ, ನೀರಿನ ಕಂಪನಿಯ ಬಳಿ ಪರವಾನಗಿಯೂ ಇದೆ. ಹಾಗಿರುವಾಗ ನೀರಿಲ್ಲ ಅನ್ನುವುದು ಹೇಗೆ? ಉತ್ತರ ಸಿಗಬೇಕಾದರೆ ಮೊದಲು ಆ ಬಂಡೆಯನ್ನು ನೋಡಬೇಕು.

ಸೀಮೆಸುಣ್ಣವೆಂದರೆ ಕರಿಹಲಗೆಯ ಮೇಲೆ ಬರೆಯುವ ಬಳಪದ ಮೂಲರೂಪ. ಸುಮಾರು 10 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ ಬೆಚ್ಚಗಿನ ಕಡಲಿನ ತಳಕ್ಕೆ ಇಳಿದ ಸೂಕ್ಷ್ಮ ಪಾಚಿಗಳ ಸುಣ್ಣದ ಚಿಪ್ಪುಗಳೇ ಒತ್ತಿಕೊಂಡು ಈ ಮೆತ್ತನೆಯ ಬಿಳಿ ಕಲ್ಲಾಗಿವೆ. ಅದರ ಗಾತ್ರದಲ್ಲಿ ಮೂರರಲ್ಲಿ ಒಂದು ಪಾಲು, ಕೆಲವೆಡೆ ಇನ್ನೂ ಹೆಚ್ಚು, ಬರೀ ಸಂದು. ಸಂದುಗಳ ತುಂಬ ನೀರು. ಇದನ್ನು ಕೇಳಿದರೆ ಕೆಳಗೆ ದೊಡ್ಡ ಕೆರೆಯೇ ಇದೆ ಅನಿಸುತ್ತದೆ. ತಪ್ಪು ತಿಳಿವಳಿಕೆ ಶುರುವಾಗುವುದು ಇಲ್ಲೇ. ಆ ಸಂದುಗಳು ಎಷ್ಟು ಸಣ್ಣವೆಂದರೆ ನೀರು ಅವುಗಳಲ್ಲಿ ಅಂಟಿಕೊಂಡೇ ಇರುತ್ತದೆ, ಹಿಂಡಿದ ಮೇಲೂ ಬಟ್ಟೆಯಲ್ಲಿ ಉಳಿಯುವ ತೇವದ ಹಾಗೆ. ಪಂಪಿಗಾಗಲಿ ಒರತೆಗಾಗಲಿ ದಕ್ಕುವುದು ಬಂಡೆಯ ಬಿರುಕುಗಳಲ್ಲಿ ಓಡಾಡುವ ನೀರು ಮಾತ್ರ. ಅದು ಬಂಡೆಯ ಗಾತ್ರದ ನೂರರಲ್ಲಿ ಒಂದೆರಡು ಪಾಲು.

ಈ ‘ನೂರಕ್ಕೆ ಒಂದು’ ಎಂಬುದನ್ನು ಲೆಕ್ಕಕ್ಕೆ ಇಳಿಸೋಣ. ಚಳಿಗಾಲದಲ್ಲಿ 100 ಮಿಲಿಮೀಟರ್ ನೀರು ಇಂಗಿದರೆ ಅಂತರ್ಜಲದ ಮಟ್ಟ 10 ಮೀಟರ್ ಏರುತ್ತದೆ, ಸುತ್ತ ಹರಿದು ಹೋಗದೆ ಅಲ್ಲೇ ನಿಂತರೆ. ಹಾಗೆಯೇ 10 ಮಿಲಿಮೀಟರ್‌ನಷ್ಟು ನೀರೆತ್ತಿದರೆ ಮಟ್ಟ 1 ಮೀಟರ್ ಕುಸಿಯುತ್ತದೆ. ಒರತೆ ಉಕ್ಕುವುದು ಆ ಮಟ್ಟ ನೆಲದ ತಗ್ಗನ್ನು ಮುಟ್ಟುವ ಜಾಗದಲ್ಲಿ. ಅಲ್ಲಿ ಒಂದಡಿ ಇಳಿದರೂ ಬಾಯಿ ಮುಚ್ಚೀತು. ಕೆಳಗಿನ ಪದರದಲ್ಲಿ ನೂರು ವರ್ಷಕ್ಕೆ ಸಾಲುವಷ್ಟು ನೀರಿದ್ದರೂ ಒರತೆಗೆ ಬೇಕಾದದ್ದು ಮೇಲಿನ ಆ ಒಂದಡಿಯೇ. ಕೋಲಾರದ ಗಟ್ಟಿ ಗ್ರಾನೈಟಿನಲ್ಲಿ ಸಾವಿರ ಅಡಿ ಕೊರೆದವರಿಗೆ ನೀರಿನ ಮಟ್ಟ ಇಳಿಯುವುದೆಂದರೇನು ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ಅಲ್ಲಿನ ಬೋರ್‌ವೆಲ್ ಒಣಗಿದರೆ ಕೊರೆಸಿದವನಿಗೆ ಗೊತ್ತಾಗುತ್ತದೆ. ಕೇಂಬ್ರಿಜ್‌ನಲ್ಲಿ ಬೋರ್‌ವೆಲ್ ತುಂಬಿಯೇ ಇರುತ್ತದೆ, ಒಣಗುವುದು ದೂರದಲ್ಲೆಲ್ಲೋ ಹರಿಯುವ ಹಳ್ಳ. ನಲ್ಲಿ ತಿರುಗಿಸುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಮಳೆಯ ಮಾತಿಗೆ ಬಂದರೆ, ಕೇಂಬ್ರಿಜ್ ಇಂಗ್ಲೆಂಡಿನ ಅತಿ ಒಣ ಭಾಗಗಳಲ್ಲಿ ಒಂದು. ವರ್ಷಕ್ಕೆ ಬೀಳುವುದು 550–570 ಮಿಲಿಮೀಟರ್, ನಮ್ಮ ಚಿತ್ರದುರ್ಗ ಸೀಮೆಯ ಒಣ ತಾಲ್ಲೂಕುಗಳ ಮಳೆಗೆ ಹತ್ತಿರ. ಅದು ಹನ್ನೆರಡು ತಿಂಗಳಿಗೂ ಹಂಚಿಕೊಂಡು ಬೀಳುವುದರಿಂದ ಊರು ಹಸಿರಾಗಿ ಕಾಣುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದದ್ದರಲ್ಲಿ ಬಹುಪಾಲನ್ನು ಹುಲ್ಲು, ಗೋಧಿ, ಮರಗಳು ಹೀರಿಕೊಳ್ಳುತ್ತವೆ. ಪದರಕ್ಕೆ ಇಳಿಯುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಮಾತ್ರ, ಅದೂ ಮೇಲ್ಮಣ್ಣು ನೆನೆದ ಮೇಲೆ. ವರ್ಷಕ್ಕೆ 100 ಮಿಲಿಮೀಟರ್ ಇಂಗಿತು ಅಂದುಕೊಳ್ಳಿ: ದಿನಕ್ಕೆ 8 ಕೋಟಿ ಲೀಟರ್ ಎತ್ತಲು ಸುಮಾರು 290 ಚದರ ಕಿಲೋಮೀಟರ್ ನೆಲದಲ್ಲಿ ಇಂಗಿದ್ದರ ಕೊನೆಯ ಹನಿಯವರೆಗೂ ಬೇಕು, ನದಿಗೆ ಏನನ್ನೂ ಉಳಿಸದೆ. ಒಂದು ಚಳಿಗಾಲ ಒಣಗಿದರೆ ಮುಂದಿನ ಬೇಸಿಗೆಯಲ್ಲಿ ಎಷ್ಟು ಗುಡುಗು ಮಳೆ ಸುರಿದರೂ ಆ ಸಾಲ ತೀರದು. ಆದ್ದರಿಂದ ಕೇಂಬ್ರಿಜ್‌ನಲ್ಲಿ ಬರವನ್ನು ಜುಲೈ ತಿಂಗಳ ಬಿಸಿಲಿನಿಂದಲ್ಲ, ಹಿಂದಿನ ಜನವರಿ, ಫೆಬ್ರವರಿಗಳಲ್ಲಿ ಇಂಗಿದ್ದೆಷ್ಟು ಎಂಬುದರಿಂದ ಅಳೆಯಬೇಕು. ಬಿಸಿಲೇನೂ ಕಡಿಮೆಯದಲ್ಲ: ಹಾಬ್ಸನ್ಸ್ ಕಾಂಡ್ಯೂಟಿನ ನೀರೇ ಕೊಳ ತುಂಬುವ ಕೇಂಬ್ರಿಜ್ ಸಸ್ಯೋದ್ಯಾನದಲ್ಲಿ 2019ರ ಜುಲೈ 25ರಂದು 38.7 ಡಿಗ್ರಿ, 2022ರ ಜುಲೈ 19ರಂದು 39.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು.

ಪಂಪು ನದಿಯ ನೀರನ್ನು ಹೇಗೆ ಕಸಿಯುತ್ತದೆ ಎಂಬುದು ಸರಳ, ಆದರೆ ನಿಧಾನದ ಕೆಲಸ. ಬೋರ್‌ವೆಲ್ ಓಡಿದಾಗ ಅದರ ಸುತ್ತ ನೀರಿನ ಮಟ್ಟ ಆಲಿಕೆಯ ಆಕಾರದಲ್ಲಿ ಕುಸಿಯುತ್ತದೆ. ಆಲಿಕೆಯ ಬಾಯಿ ತಿಂಗಳುಗಟ್ಟಲೆ ಅಗಲವಾಗುತ್ತ ಹೋಗಿ ಯಾವುದಾದರೊಂದು ಒರತೆಯ ಕಡೆ ಹೋಗಬೇಕಾದ ನೀರನ್ನು ತನ್ನತ್ತ ತಿರುಗಿಸಿಕೊಳ್ಳುತ್ತದೆ. ಮೊದಲು ಒರತೆ ತೆಳುವಾಗುತ್ತದೆ. ಆಮೇಲೆ ಹಳ್ಳದ ಮೂಲ ಕೆಳಗೆ ಸರಿಯುತ್ತದೆ: ಮೊದಲು ಊರ ಮೇಲ್ಗಡೆ ಹುಟ್ಟುತ್ತಿದ್ದ ಹಳ್ಳ ಈಗ ಒಂದೆರಡು ಕಿಲೋಮೀಟರ್ ಕೆಳಗೆ ಹುಟ್ಟುತ್ತದೆ. ಇನ್ನೂ ಇಳಿದರೆ ದಿಕ್ಕೇ ತಿರುಗಿ, ಹಳ್ಳದ ನೀರು ತಳದಿಂದ ಬಂಡೆಗೆ ಇಂಗತೊಡಗುತ್ತದೆ. ಪಂಪು ನಿಲ್ಲಿಸಿದ ಕೂಡಲೇ ಹಳ್ಳ ತುಂಬುವುದಿಲ್ಲ, ಆಲಿಕೆ ಮುಚ್ಚಿಕೊಳ್ಳಲು ಒಂದೆರಡು ಚಳಿಗಾಲವೇ ಬೇಕಾಗಬಹುದು.

ಒರತೆ ಬತ್ತಿದರೆ ಏನಾಗುತ್ತದೆ ಎಂಬುದು ನೈನ್ ವೆಲ್ಸ್‌ನಲ್ಲಿ ಒಮ್ಮೆ ಆಗಿಹೋಗಿದೆ. ಬೀಚ್ ಮರಗಳ ನೆರಳಿನ ಸಣ್ಣ ತೋಪು, ತೋಪಿನ ತಗ್ಗಿನಲ್ಲಿ ಬಿಳಿ ತಳದ ಕುಳಿಗಳು, ಕುಳಿಗಳ ಬುಡದಿಂದ ಸದ್ದಿಲ್ಲದೆ ನೀರು. ಬಯಲುಸೀಮೆಯ ತಲಪರಿಗೆಗಳನ್ನು ಕಂಡವರಿಗೆ ಈ ಸದ್ದಿಲ್ಲದ ಉಕ್ಕುವಿಕೆ ಪರಿಚಿತ. ಬಂಡೆಯೊಳಗಿಂದ ಬರುವ ನೀರು ಬೇಸಿಗೆಯಲ್ಲೂ ಚಳಿಗಾಲದಲ್ಲೂ 10–11 ಡಿಗ್ರಿಯಲ್ಲೇ ಇರುತ್ತದೆ. ಆ ಸ್ಥಿರ ತಂಪನ್ನು ನಂಬಿಕೊಂಡು ಅಲ್ಲಿ ಎರಡು ಅಪರೂಪದ ಜೀವಿಗಳಿದ್ದವು: ಹಿಮಯುಗದ ಕಾಲದಿಂದ ಉಳಿದುಕೊಂಡ ಕ್ರೆನೋಬಿಯಾ ಆಲ್ಪೈನಾ ಎಂಬ ಚಪ್ಪಟೆ ಹುಳು ಮತ್ತು ಅಗಾಪೆಟಸ್ ಕುಲದ ಕ್ಯಾಡಿಸ್ ನೊಣದ ಮರಿ. ಅವುಗಳಿಂದಾಗಿ ಈ ಜಾಗಕ್ಕೆ ವಿಶೇಷ ವೈಜ್ಞಾನಿಕ ತಾಣವೆಂಬ ಮಾನ್ಯತೆಯಿತ್ತು. 1976ರ ಬರದಲ್ಲಿ ಒರತೆಗಳು ಬತ್ತಿದವು. ಮಳೆ ಬಂದ ಮೇಲೆ ನೀರು ಮರಳಿತು, ಆ ಜೀವಿಗಳು ಮರಳಲಿಲ್ಲ, ಮಾನ್ಯತೆಯೂ ಹೋಯಿತು. ಹಾರಲಾರದ, ಬಿಸಿ ನೀರು ದಾಟಲಾರದ ಹುಳುವಿಗೆ ಇನ್ನೊಂದು ಒರತೆಯಿಂದ ಇಲ್ಲಿಗೆ ಬರುವ ದಾರಿಯೇ ಇಲ್ಲ. ವಾರ್ಷಿಕ ಸರಾಸರಿ ಹರಿವಿನ ಪಟ್ಟಿಯಲ್ಲಿ ಕೆಲವು ವಾರ ಒಣಗಿದ್ದು ಒಂದು ಸಣ್ಣ ತಗ್ಗು, ಅಷ್ಟೇ. ಆ ತೋಪಿನಲ್ಲಿ ಅದು ಸಾವಿರಾರು ವರ್ಷಗಳ ಬದುಕಿನ ಕೊನೆ.

ನೀರು ಪೂರ್ತಿ ಬತ್ತದೆ ಬರೀ ಕಡಿಮೆಯಾದರೂ ಹಾನಿ ತಪ್ಪುವುದಿಲ್ಲ. ಗಿರಣಿಗಳಿಗೆಂದು, ಹೊಲದ ನೀರು ಬಸಿಯಲೆಂದು ಈ ಹಳ್ಳಗಳನ್ನು ಶತಮಾನಗಳಿಂದ ಅಗಲಿಸಿ, ಆಳ ಮಾಡಿ, ನೇರ ಮಾಡಲಾಗಿದೆ. ಅಗಲ ಹಾಸಿನಲ್ಲಿ ಹರಿವು ಅರ್ಧಕ್ಕಿಳಿದರೆ ನೀರು ಅಂಚಿನಿಂದ ಅಂಚಿಗೆ ಇದ್ದೇ ಇರುತ್ತದೆ, ನೋಡುವವರಿಗೆ ಹಳ್ಳ ಚೆನ್ನಾಗಿದೆ ಎಂದೇ ಕಾಣುತ್ತದೆ, ಕುಸಿದದ್ದು ವೇಗ. ವೇಗ ಕುಸಿದಾಗ ಹೂಳು ತಳಕ್ಕೆ ಕೂರುತ್ತದೆ. ಟ್ರೌಟ್ ಮೀನು ಚಳಿಗಾಲದಲ್ಲಿ ಚಕಮಕಿ ಕಲ್ಲಿನ ಜಲ್ಲಿಯನ್ನು ಬಾಲದಿಂದ ಕೆದಕಿ ಅದರಡಿ ಮೊಟ್ಟೆ ಇಡುತ್ತದೆ. ಜಲ್ಲಿಯ ಸಂದಿನಲ್ಲಿ ನೀರು ಆಡುತ್ತಿದ್ದರೆ ಮೊಟ್ಟೆಗೆ ಉಸಿರು, ಹೂಳು ತುಂಬಿದರೆ ಅಲ್ಲೇ ಉಸಿರುಕಟ್ಟು. ಬೇಸಿಗೆಯ ಮೊದಲಲ್ಲಿ ಬಿಳಿ ಹೂ ಬಿಡುವ ವಾಟರ್ ಕ್ರೋಫೂಟ್ ಎಂಬ ಉದ್ದೆಳೆಯ ನೀರುಗಿಡಕ್ಕೂ ಓಡುವ ನೀರೇ ಬೇಕು. ಓಟ ನಿಂತರೆ ಅದರ ಮೇಲೆ ದಾರದಂಥ ಪಾಚಿ ಹಬ್ಬಿ ಬೆಳಕು ಮುಚ್ಚುತ್ತದೆ, ಗಿಡ ಹೋಗುತ್ತದೆ, ಗಿಡದ ಮರೆಯಲ್ಲಿದ್ದ ಹುಳುಗಳೂ ಮರಿಮೀನುಗಳೂ ಹೋಗುತ್ತವೆ. ಪ್ರಪಂಚದಲ್ಲಿ ಇಂಥ ನದಿಗಳು ಇರುವುದೇ ಕೆಲವು ನೂರು. ಅವುಗಳಲ್ಲಿ ಬಹುಪಾಲು ಇಂಗ್ಲೆಂಡಿನ ದಕ್ಷಿಣ ಮತ್ತು ಪೂರ್ವ ಭಾಗದಲ್ಲಿವೆ. ಇಲ್ಲಿ ಕಳೆದುಕೊಂಡದ್ದಕ್ಕೆ ಬದಲಿ ಬೇರೆಲ್ಲೂ ಸಿಗದು.

ಹರಿವು ಕಡಿಮೆಯಾದರೆ ಕೊಳೆ ತಿಳಿಯಾಗುವುದೂ ಕಡಿಮೆ. ಊರಿನ ಮೇಲ್ಗಡೆ ರೀ ನದಿಗೆ ಹಾಸ್ಲಿಂಗ್‌ಫೀಲ್ಡ್‌ನ ಕೊಳಚೆ ಶುದ್ಧೀಕರಣ ಘಟಕದ ನೀರು ಸೇರುತ್ತದೆ. ಬೇಸಿಗೆಯಲ್ಲಿ ಒರತೆಯ ಪಾಲು ಕುಗ್ಗಿದಷ್ಟೂ ಶುದ್ಧೀಕರಿಸಿದ ಕೊಳಚೆಯ ಪಾಲು ಏರುತ್ತದೆ. ಕೇಂಬ್ರಿಜ್‌ನ ಶೀಪ್ಸ್ ಗ್ರೀನ್ ಬಳಿ ಜನ ಈಜುವ ಜಾಗವನ್ನು 2024ರಲ್ಲಿ ಅಧಿಕೃತ ಸ್ನಾನಘಟ್ಟವೆಂದು ಗುರುತಿಸಿ ನೀರು ಪರೀಕ್ಷಿಸಿದಾಗ ಮೊದಲ ವರ್ಷವೇ ಬಂದ ದರ್ಜೆ ‘ಕಳಪೆ’. ನೆಲದಡಿಯ ನೀರಿಗೂ ತನ್ನದೇ ಕಷ್ಟವಿದೆ. ಹೊಲಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್ ಈ ಬಂಡೆಯಲ್ಲಿ ವರ್ಷಕ್ಕೆ ಸುಮಾರು 1 ಮೀಟರಿನಂತೆ ಕೆಳಗಿಳಿಯುತ್ತದೆ. 40 ಮೀಟರ್ ಆಳದಲ್ಲಿ ನೀರಿರುವ ಕಡೆ ಇಂದು ತಲುಪುತ್ತಿರುವುದು 1980ರ ದಶಕದ ಗೊಬ್ಬರ. ರೈತರು ಇವತ್ತೇ ಕೈಬಿಗಿ ಹಿಡಿದರೂ ಫಲ ಕಾಣುವುದು ಮಕ್ಕಳ ಕಾಲಕ್ಕೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ ಮೀರಬಾರದು. ಮೀರುವ ಬೋರ್‌ವೆಲ್ಲಿನ ನೀರನ್ನು ಬೇರೆ ನೀರಿನ ಜೊತೆ ಬೆರೆಸಬೇಕು, ಇಲ್ಲವೇ ಯಂತ್ರದಲ್ಲಿ ಸೋಸಬೇಕು. ಡಕ್ಸ್‌ಫರ್ಡ್ ವಿಮಾನ ನಿಲ್ದಾಣದ ಬಳಿಯ ಒಂದು ಬೋರ್‌ವೆಲ್ಲನ್ನು ಬೆಂಕಿ ಆರಿಸುವ ನೊರೆಯಲ್ಲಿ ಬಳಸುತ್ತಿದ್ದ ಪಿಎಫ್‌ಒಎಸ್ ಎಂಬ ರಾಸಾಯನಿಕದ ಪ್ರಮಾಣ ಮಿತಿ ಮೀರಿದ್ದಕ್ಕೆ 2021ರಲ್ಲಿ ಪೂರೈಕೆಯಿಂದ ತೆಗೆಯಬೇಕಾಯಿತು. ಹೀಗೆ ಒಂದು ಬೋರ್‌ವೆಲ್ ಹೊರಬಿದ್ದಾಗೆಲ್ಲ ಅದರ ಭಾರ ಉಳಿದವುಗಳ ಮೇಲೆ, ಅಂದರೆ ಉಳಿದ ಒರತೆಗಳ ಮೇಲೆ.

ಬರದಲ್ಲಿ ಹಳ್ಳ ಉಳಿಸಲು ಪರಿಸರ ಏಜೆನ್ಸಿ ನಡೆಸುವ ಏರ್ಪಾಡೊಂದಿದೆ: ಬೇರೊಂದು ಕಡೆ ಬಂಡೆಯಿಂದ ನೀರೆತ್ತಿ ಕೊಳವೆಯಲ್ಲಿ ತಂದು ಹಳ್ಳದ ತಲೆಗೆ ಬಿಡುವುದು. ಲೋಡ್ಸ್–ಗ್ರಾಂಟಾ ಯೋಜನೆ ಇಂಥದು. ಬೇಸಿಗೆಯಲ್ಲಿ ಮೀನು ಸಾಯದಂತೆ ಇದು ತಡೆಯುತ್ತದೆ, ಬೇಡವೆನ್ನಲಾಗದು. ಆದರೆ ಎತ್ತಿದ್ದರಲ್ಲಿ ಒಂದು ಪಾಲು ಅದೇ ಬಂಡೆಗೆ ಮತ್ತೆ ಇಂಗುತ್ತದೆ, ಇನ್ನೊಂದು ಪಾಲು ಹೇಗೂ ಕೆಳಗಿನ ಯಾವುದೋ ಒರತೆಗೆ ಬರಬೇಕಾಗಿದ್ದುದೇ. ನಿಜವಾದ ಗಳಿಕೆ ಪಂಪಿನ ಮೀಟರು ತೋರಿಸಿದ್ದಕ್ಕಿಂತ ಕಡಿಮೆ. ಇಲ್ಲಿ ನಾವು ಎಚ್ಚರದಿಂದಿರಬೇಕಾದ ಮಾತೊಂದಿದೆ: ಹೀಗೆ ಪಂಪಿನಿಂದ ಹರಿಯುವ ಹಳ್ಳದಲ್ಲಿ ಹರಿವನ್ನು ಅಳೆದು ‘ಹಳ್ಳ ಸುಸ್ಥಿತಿಯಲ್ಲಿದೆ’ ಎಂದು ದಾಖಲಿಸಿದರೆ ಅದು ದಾಖಲೆಯ ಸುಸ್ಥಿತಿ ಮಾತ್ರ.

ಈಗ 9,000 ಮನೆಗಳ ಆಕ್ಷೇಪಕ್ಕೆ ಬರೋಣ. ವಾಟರ್‌ಬೀಚ್, ಬೋರ್ನ್ ಏರ್‌ಫೀಲ್ಡ್, ಡಾರ್ವಿನ್ ಗ್ರೀನ್ ಯೋಜನೆಗಳು ಅದರಲ್ಲಿದ್ದವು. ನೀರಿನ ಕಂಪನಿಯ ಪರವಾನಗಿಗಳಲ್ಲಿ ಈಗ ಎತ್ತುತ್ತಿರುವುದಕ್ಕಿಂತ ಹೆಚ್ಚು ಎತ್ತಲು ಅವಕಾಶವಿದೆ. ಹಳೆಯ ಕಾಲದಲ್ಲಿ, ಒರತೆಯ ಲೆಕ್ಕ ಯಾರೂ ಕೇಳದಿದ್ದಾಗ ಕೊಟ್ಟ ಪರವಾನಗಿಗಳವು. ಆದರೆ ನದಿಗಳ ಸ್ಥಿತಿ ಈಗಿರುವುದಕ್ಕಿಂತ ಕೆಡಬಾರದು ಎಂಬುದು ಕಾನೂನು. ಪರವಾನಗಿಯ ಉಳಿಕೆಯನ್ನು ಬಳಸಿದರೆ ಅದು ಕೆಡುತ್ತದೆ ಎಂಬುದು ಏಜೆನ್ಸಿಯ ವಾದ. ಲೆಕ್ಕ ಹಾಕಿ ನೋಡಿ: 9,000 ಮನೆ, ಮನೆಗೆ 2.4 ಜನ, ಒಬ್ಬರಿಗೆ ದಿನಕ್ಕೆ 125 ಲೀಟರ್. ಒಟ್ಟು ದಿನಕ್ಕೆ 27 ಲಕ್ಷ ಲೀಟರ್. ಸೆಕೆಂಡಿಗೆ 31 ಲೀಟರ್, ಎರಡು ದೊಡ್ಡ ಬಿಂದಿಗೆಯಷ್ಟು. ಇಡೀ ಪೂರೈಕೆಯ ನೂರಕ್ಕೆ ಮೂರೂವರೆ ಪಾಲು. ಕಂಪನಿಯ ಲೆಕ್ಕದಲ್ಲಿ ಇದು ಗಮನಕ್ಕೆ ಬಾರದ ಅಂಕಿ. ಬರದ ಸೆಪ್ಟೆಂಬರಿನಲ್ಲಿ ಒಂದು ಸಣ್ಣ ಹಳ್ಳದ ಲೆಕ್ಕದಲ್ಲಿ ಅದು ಇಡೀ ಹಳ್ಳವೇ ಆದೀತು.

2011ರ ಜನಗಣತಿಯಲ್ಲಿ ಸುಮಾರು 1,23,900 ಇದ್ದ ನಗರದ ಜನಸಂಖ್ಯೆ 2021ಕ್ಕೆ ಸುಮಾರು 1,45,700 ಆಯಿತು. 2023ರಲ್ಲಿ ಅಂದಿನ ಸಚಿವ ಮೈಕಲ್ ಗೋವ್ ಒಂದೂವರೆ ಲಕ್ಷ ಹೊಸ ಮನೆಗಳ ಮಾತಾಡಿದರು. 2024ರ ಮಾರ್ಚ್‌ನಲ್ಲಿ ಸರ್ಕಾರ ನಗರದ ಬೆಳವಣಿಗೆಯ ನೀಲನಕ್ಷೆಯನ್ನೂ ನೀರಿನ ಕೊರತೆಯ ಬಗ್ಗೆ ಹೇಳಿಕೆಯನ್ನೂ ಹೊರಡಿಸಿತು. ಅದರಲ್ಲಿದ್ದ ಹೊಸ ಉಪಾಯ ‘ನೀರಿನ ಕ್ರೆಡಿಟ್’. ಹಳೆಯ ಶಾಲೆ, ಕಚೇರಿ, ಮನೆಗಳಲ್ಲಿ ನಲ್ಲಿ, ಕಮೋಡು ಬದಲಿಸಿ ಉಳಿಸಿದ ಲೀಟರುಗಳನ್ನು ಎಣಿಸಿ, ಹೊಸ ಮನೆ ಕಟ್ಟುವವರು ಅಷ್ಟನ್ನು ಕೊಂಡುಕೊಳ್ಳುವುದು. ಉಪಾಯ ಕೆಟ್ಟದ್ದೇನಲ್ಲ. ಅದು ಸೋಲುವ ಜಾಗಗಳು ಮಾತ್ರ ಸ್ಪಷ್ಟವಾಗಿವೆ. ಇಂದು ಹಾಕಿದ ಮಿತ ನೀರಿನ ಷವರನ್ನು ನಾಳೆ ಬಾಡಿಗೆದಾರ ಕಿತ್ತು ಬೇರೆ ಹಾಕಬಹುದು. ಹೇಗೂ ಆಗಬೇಕಿದ್ದ ಸೋರಿಕೆಯ ರಿಪೇರಿಯನ್ನೇ ಕ್ರೆಡಿಟ್ ಎಂದು ಮಾರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಉತ್ತರದಲ್ಲಿ ಉಳಿಸಿದ ನೀರು ದಕ್ಷಿಣದ ಒರತೆಯ ಬಳಿಯ ಪಂಪನ್ನು ನಿಧಾನಿಸದಿದ್ದರೆ ಆ ಒರತೆಗೆ ಏನೂ ಸಿಗದು. ಕ್ರೆಡಿಟ್ಟನ್ನು ಯಾವ ಬೋರ್‌ವೆಲ್ಲಿನ ಮೀಟರಿನಲ್ಲಿ ಕಡಿತವಾಯಿತೆಂದು ತೋರಿಸದೆ ಒಪ್ಪಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹೊರಗಿನ ನೀರು ಬರಲಿದೆ, ಆದರೆ ತಡವಾಗಿ. ಗ್ರೇಟ್ ಊಸ್ ನದಿಯಿಂದ ತುಂಬುವ ಗ್ರಾಫಮ್ ಜಲಾಶಯದಿಂದ ಕೊಳವೆ ಎಳೆಯುವ ಗಡುವು 2032. ಚಾಟೆರಿಸ್ ಮತ್ತು ಮಾರ್ಚ್ ಊರುಗಳ ನಡುವೆ ಆಂಗ್ಲಿಯನ್ ವಾಟರ್ ಮತ್ತು ಕೇಂಬ್ರಿಜ್ ವಾಟರ್ ಸೇರಿ ಕಟ್ಟಲಿರುವ ಫೆನ್ಸ್ ಜಲಾಶಯ ನೀರು ಕೊಡುವುದು 2030ರ ದಶಕದ ಮಧ್ಯ ಕಳೆದ ಮೇಲೆ. ಸುಮಾರು ಎರಡೂವರೆ ಲಕ್ಷ ಮನೆಗಳಿಗೆ ಸಾಲುವಷ್ಟು ನೀರು ಎಂಬುದು ಅಂದಾಜು. ಇಂಥ ಕಾಮಗಾರಿಗಳು ಹೇಳಿದ ದಿನಕ್ಕೆ ಮುಗಿಯುವುದು ಅಪರೂಪ. ಮನೆಗಳು ಮಾತ್ರ ವರ್ಷ ವರ್ಷವೂ ಏಳುತ್ತಿರುತ್ತವೆ. ಸಮಸ್ಯೆಯ ತಿರುಳು ಈ ನಡುವಿನ ಹತ್ತು ವರ್ಷ. ಹೊಸ ನೀರು ಬಂದ ದಿನ ಏನಾಗುತ್ತದೆ ಎಂಬುದೂ ಈಗಲೇ ತೀರ್ಮಾನವಾಗಬೇಕು: ಅದು ಬೋರ್‌ವೆಲ್ ನೀರಿಗೆ ಬದಲಿಯೋ, ಅದರ ಮೇಲೊಂದು ಸೇರಿಕೆಯೋ? ಬದಲಿಯಾಗದಿದ್ದರೆ ನದಿಯ ಪಾಲಿಗೆ ಜಲಾಶಯ ಕಟ್ಟಿದ್ದೂ ಒಂದೇ, ಕಟ್ಟದಿದ್ದುದೂ ಒಂದೇ. ಬದಲಿಸುವಾಗ ಒರತೆಗಳ ತಲೆಗೆ ಹತ್ತಿರದ ಬೋರ್‌ವೆಲ್‌ಗಳನ್ನು ಮೊದಲು ನಿಲ್ಲಿಸಿ, ನದಿಯ ಕೆಳಪಾತ್ರದ ಬಳಿಯವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೇಲೆ ಬಿಟ್ಟ ಒಂದು ಲೀಟರ್ ಇಡೀ ಹಳ್ಳದುದ್ದಕ್ಕೂ ಕೆಲಸ ಮಾಡುತ್ತದೆ.

ಅಲ್ಲಿಯವರೆಗೆ ಉಳಿತಾಯವೊಂದೇ ಕೈಯಲ್ಲಿರುವ ನೀರು. ಹೊಸ ಮನೆಗಳಿಗೆ ಇಂಗ್ಲೆಂಡಿನ ಕಟ್ಟಡ ನಿಯಮ ಹೇಳುವುದು ಒಬ್ಬರಿಗೆ ದಿನಕ್ಕೆ 125 ಲೀಟರ್. ನೀರು ಕಡಿಮೆಯಿರುವ ಕಡೆ ಸ್ಥಳೀಯ ಆಡಳಿತ 110 ಕೇಳಬಹುದು. ಕೇಂಬ್ರಿಜ್‌ನ ಹೊಸ ಯೋಜನಾ ಕರಡು 80ಕ್ಕೆ ಇಳಿಸಬೇಕೆನ್ನುತ್ತದೆ. ಬರೀ ನಲ್ಲಿ ಬಿಗಿ ಮಾಡಿ 80 ಸಾಧಿಸಲಾಗದು, ಕಮೋಡಿಗೂ ಬಟ್ಟೆ ತೊಳೆಯುವ ಯಂತ್ರಕ್ಕೂ ಬೇರೆ ಕೊಳವೆಯಲ್ಲಿ ಮಳೆನೀರು ಬರಬೇಕು. ವಿಶ್ವವಿದ್ಯಾಲಯ ಕಟ್ಟಿದ ಎಡಿಂಗ್ಟನ್ ಬಡಾವಣೆಯಲ್ಲಿ ಹಾಗೆಯೇ ಮಾಡಲಾಗಿದೆ: ಬಡಾವಣೆಯ ಮಳೆನೀರು ಕೊಳಗಳಿಗೆ ಹರಿದು, ಶುದ್ಧವಾಗಿ, ಎರಡನೇ ಕೊಳವೆಯಲ್ಲಿ ಮನೆಗಳಿಗೆ ಮರಳುತ್ತದೆ. ಕಟ್ಟುವಾಗಲೇ ಎರಡು ಕೊಳವೆ ಹೂಳಿದರೆ ಮಾತ್ರ ಇದು ಸಾಧ್ಯ.

ಹಳೆಯ ಮನೆಗಳಲ್ಲಿ ದೊಡ್ಡ ಕಳ್ಳ ಕಮೋಡಿನ ತೊಟ್ಟಿ. ಎರಡು ಗುಂಡಿಯ ಫ್ಲಶ್ಶಿನ ತಳದಲ್ಲಿ ಒಂದು ರಬ್ಬರ್ ಮುಚ್ಚಳವಿರುತ್ತದೆ. ಈ ಊರಿನ ಗಡುಸು ನೀರಿನ ಸುಣ್ಣ, ಕೆಟಲಿನ ತಳದಲ್ಲಿ ಬಿಳಿ ಹೊಪ್ಪಳೆಯಾಗಿ ಕೂರುವ ಅದೇ ಸುಣ್ಣ, ರಬ್ಬರಿನ ಅಂಚಿಗೂ ಅಂಟಿ ಮುಚ್ಚಳ ಸರಿಯಾಗಿ ಕೂರದಂತೆ ಮಾಡುತ್ತದೆ. ಸೋರುವ ಒಂದು ಕಮೋಡಿನಿಂದ ದಿನಕ್ಕೆ 200–400 ಲೀಟರ್ ಹೋಗುತ್ತದೆ, ಅಂದರೆ ಎರಡು ಮೂರು ಜನರ ಬಳಕೆಯಷ್ಟು. ಸದ್ದಿರುವುದಿಲ್ಲ, ಕಣ್ಣಿಗೂ ಕಾಣದು. ಪತ್ತೆಗೆ ಹೀಗೆ ಮಾಡಬೇಕು: ಫ್ಲಶ್ ಮಾಡಿ ಅರ್ಧ ಗಂಟೆ ಬಿಟ್ಟು, ಕಮೋಡಿನ ಒಳಗೋಡೆಯ ಹಿಂಬದಿಯನ್ನು ಒರೆಸಿ, ಒಣ ಟಿಶ್ಯೂ ಕಾಗದವನ್ನು ಅಂಟಿಸಿ ರಾತ್ರಿಯಿಡೀ ಯಾರೂ ಬಳಸದಂತೆ ನೋಡಿಕೊಳ್ಳಬೇಕು; ಬೆಳಿಗ್ಗೆ ಕಾಗದ ನೆನೆದಿದ್ದರೆ ಮುಚ್ಚಳ ಸೋರುತ್ತಿದೆ. ಕಂಪನಿ ಹಾಕುತ್ತಿರುವ ಸ್ಮಾರ್ಟ್ ಮೀಟರುಗಳ ನಿಜವಾದ ಉಪಯೋಗವೂ ಇಲ್ಲೇ: ರಾತ್ರಿ ಎರಡರಿಂದ ನಾಲ್ಕರ ನಡುವೆ ಮೀಟರಿನ ಓಟ ಸೊನ್ನೆಗಿಳಿಯದ ಮನೆಯಲ್ಲಿ ಸೋರಿಕೆ ಇದೆ ಎಂದು ಅರ್ಥ.

ಹಳ್ಳಗಳ ಒಳಗೂ ಕೆಲಸ ನಡೆದಿದೆ. ಅಗಲವಾದ ಹಾಸನ್ನು ದಂಡೆ ಕಟ್ಟಿ ಕಿರಿದು ಮಾಡುವುದು, ಜಲ್ಲಿ ಸುರಿಯುವುದು, ಮರದ ದಿಮ್ಮಿಗಳನ್ನು ಓರೆಯಾಗಿ ಹೂತು ನೀರು ಬಳುಕುವಂತೆ ಮಾಡುವುದು. ಇದರಿಂದ ಇರುವ ನೀರಿಗೆ ವೇಗ ಬರುತ್ತದೆ, ಜಲ್ಲಿ ತೊಳೆದುಕೊಳ್ಳುತ್ತದೆ. ಇಲ್ಲದ ನೀರನ್ನು ಮಾತ್ರ ಇದು ತಾರದು.

ನೈನ್ ವೆಲ್ಸ್‌ನ ತೋಪಿನಿಂದ ನೋಡಿದರೆ ಹೊಲದಾಚೆಗೆ ಕೇಂಬ್ರಿಜ್ ಬಯೋಮೆಡಿಕಲ್ ಕ್ಯಾಂಪಸ್ಸಿನ ಆಸ್ಪತ್ರೆ, ಸಂಶೋಧನಾಲಯಗಳ ಕಟ್ಟಡಗಳು. ನಗರ ಈಗಾಗಲೇ ಒರತೆಯ ಬಾಗಿಲಿಗೆ ಬಂದಿದೆ. ಯೋಜನೆಗಳು ಸರಿಯಾದ ದಾರಿಯಲ್ಲಿವೆಯೇ ಎಂದು ತಿಳಿಯಲು ವರದಿಗಳಿಗಾಗಿ ಕಾಯಬೇಕಿಲ್ಲ. ಒಣ ಚಳಿಗಾಲವೊಂದು ಕಳೆದ ಮೇಲೆ, ಸೆಪ್ಟೆಂಬರಿನ ಕೊನೆಯಲ್ಲಿ, ಹಳ್ಳಕ್ಕೆ ನೀರು ಬಿಡುವ ಆಸರೆಯ ಪಂಪುಗಳನ್ನು ಲೆಕ್ಕದಿಂದ ಬಿಟ್ಟು, ಆ ಬಿಳಿ ತಳದ ಕುಳಿಗಳಿಂದ ನೀರು ತಾನಾಗಿ ಏಳುತ್ತಿದೆಯೇ ಎಂದು ನೋಡಿದರಾಯಿತು.